ಸಂಚಮ್ಮ ಬಾಗಿಲು ಹಾಕಿದ ದಿನ

ನಮ್ಮೂರಲ್ಲಿ ಮನುಷ್ಯರು ತೋಡಿದ ಗುಂಡಿ ಮರುದಿನಕ್ಕೆ ಇರುವುದಿಲ್ಲ. ಗುದ್ದಲಿಯಿಂದ ತೋಡಿದರೂ ಅಷ್ಟೇ, ಹಾರೆಯಿಂದ ತೋಡಿದರೂ ಅಷ್ಟೇ, ಬೆಳಗಾಗುವಷ್ಟರಲ್ಲಿ ಮರಳು ಮುಚ್ಚಿಕೊಂಡು ಏನೂ ಗೊತ್ತಿಲ್ಲದವರ ಹಾಗೆ ಮಲಗಿರುತ್ತದೆ. ಒಮ್ಮೆ ಹೊರಗಿನಿಂದ ಒಬ್ಬ ಎಂಜಿನಿಯರು ಬಂದಿದ್ದ, ಬಹಳ ಓದಿಕೊಂಡವನಂತೆ. ಮೂರು ದಿನ ಆಳು ಹಚ್ಚಿ ತೋಡಿಸಿದ, ನಾಲ್ಕನೇ ದಿನ ಬರಿಗಾಲಲ್ಲಿ ಊರು ಬಿಟ್ಟ. ಬೂಟು ಗುಂಡಿಯ ಒಳಗೆ ಬಿಚ್ಚಿಟ್ಟಿದ್ದನಂತೆ, ಪಾಪ. ನಿಲ್ಲುವುದು ಸಂಚಮ್ಮ ತೋಡಿದ ಬಿಲ ಮಾತ್ರ. ಅವಳು ಬಿಟ್ಟುಹೋದ ಬಿಲ ಎಂಟು ದಿನದಲ್ಲಿ ತಾನೇ ಹಿಗ್ಗಿ ಒಂದು ಸಂಸಾರಕ್ಕೆ ಸಾಲುವಷ್ಟಾಗುತ್ತದೆ. ನಾವು ಪಾತ್ರೆ ಪಗಡ, ಹಾಸಿಗೆ ಹೊತ್ತುಕೊಂಡು ಇಳಿಯುತ್ತೇವೆ. ಹೇಗೆ ಹಿಗ್ಗುತ್ತದೆ ಅಂತ ನನ್ನನ್ನು ಕೇಳಬೇಡಿ, ನಾನು ಬಟ್ಟೆ ಹೊಲಿಯುವವಳು.

ಸಂಚಮ್ಮ ಅಂದರೆ ದೇವತೆ ಅಂದುಕೊಂಡಿರೇನೋ. ಮೊಲದಷ್ಟು ಗಾತ್ರದ ಪ್ರಾಣಿ ಅದು. ಉದ್ದ ಕಿವಿ, ಚೂಪು ಮೂತಿ, ಬೂದು ಬಣ್ಣದ ಮೆತ್ತನೆ ಮೈ, ಹೊಟ್ಟೆಯಲ್ಲಿ ಎಲೆಯಡಿಕೆ ಸಂಚಿಯಂಥ ಒಂದು ಚೀಲ. ಮರಿಗಳನ್ನು ಆ ಚೀಲದಲ್ಲೇ ಸಾಕುತ್ತಾಳೆ. ಚೀಲದ ಬಾಯಿ ಹಿಂದಕ್ಕಿದೆ, ಮುಂದಕ್ಕಿದ್ದರೆ ತೋಡುವಾಗ ಮರಳೆಲ್ಲ ಮರಿಗಳ ಮೇಲೆ ಬೀಳುತ್ತಿತ್ತು. ಇದ್ದಬದ್ದ ನೀರಿಗೆಲ್ಲ ನಾವು ಜಗಳ ಆಡುತ್ತೇವೆ, ಅವಳು ಹುಟ್ಟಿದಾಗಿನಿಂದ ನೀರೇ ಕುಡಿದಿಲ್ಲ. ಗೆದ್ದಲು, ಗೆಡ್ಡೆ, ಬೀಜ ತಿಂದುಕೊಂಡು, ಅದರಲ್ಲಿರುವ ಪಸೆಯಲ್ಲೇ ಜೀವನ. ರಾತ್ರಿ ಮೇಯುತ್ತಾಳೆ, ಹಗಲು ಮಲಗುತ್ತಾಳೆ. ಒಬ್ಬೊಬ್ಬಳಿಗೆ ಹತ್ತು ಹನ್ನೆರಡು ಬಿಲ, ಇವತ್ತು ಒಂದರಲ್ಲಿ, ನಾಳೆ ಇನ್ನೊಂದರಲ್ಲಿ. ಊರ ಸುತ್ತ ಇಂಥವರು ಒಂದಿಪ್ಪತ್ತು ಜನ ಇರಬಹುದು, ಎಲ್ಲರೂ ನಮಗೆ ಸಂಚಮ್ಮನೇ. ಅವಳ ಮೇಲಿನ ಗೌರವಕ್ಕೆ ನಮ್ಮೂರಲ್ಲಿ ಅಂಗಿ, ಲಂಗ, ಕೂಸಿನ ಜೋಳಿಗೆ, ಯಾವುದರ ಜೇಬಿಗೂ ಬಾಯಿ ಹಿಂದಕ್ಕೇ ಇಡಬೇಕು. ಇಡುವವಳು ನಾನೇ, ಅಂಬುಜಾಬಾಯಿ. ಊರವರಿಗೆ ಅಂಬಕ್ಕ. ಮೂವತ್ತೈದು ವರ್ಷದಿಂದ ಹಿಂದಕ್ಕೆ ಕೈ ಹಾಕಿ ತಡಕಾಡುವ ಜನರನ್ನು ನೋಡುತ್ತಾ ಬಂದಿದ್ದೇನೆ, ಮೊದಮೊದಲು ನಗು ಬರುತ್ತಿತ್ತು.

ಗೌರವ ಇಷ್ಟಕ್ಕೇ ನಿಂತಿದ್ದರೆ ನಾನು ಈ ಕಥೆ ಹೇಳುತ್ತಿರಲಿಲ್ಲ. ನಮಗೊಂದು ಬಿಲ ಸಮಿತಿ ಇದೆ. ಸಂಚಮ್ಮ ಮೂರು ತಿಂಗಳು ಕಾಲಿಡದ ಬಿಲ ಖಾಲಿ ಅಂತ ತೀರ್ಮಾನಿಸಿ ಪಟ್ಟಿ ಪ್ರಕಾರ ಹಂಚುವುದು ಸಮಿತಿಯ ಕೆಲಸ. ಹಂಚಿದ ಬಿಲಕ್ಕೆ ಸಂಚಮ್ಮ ಯಾವತ್ತಾದರೂ ತಿರುಗಿ ಬಂದರೆ, ಸಂಸಾರ ಹೊರಗೆ. ಅವಳು ಬೆಳಕು ಹರಿಯುವ ಹೊತ್ತಿಗೆ ಬಂದು ಬಾಗಿಲ ಹತ್ತಿರ ಕೆದಕಿ, ಉಗುರಿನ ಗುರುತು ಹಾಕಿ ಹೋಗುತ್ತಾಳೆ. ಬಿಸಿಲೇರಿದಾಗ ಮತ್ತೆ ಬಂದು ಒಳಗೆ ಇಳಿದು, ಒಳಗಿನಿಂದಲೇ ಬಿಲದ ಬಾಯಿಗೆ ಮರಳು ತುಂಬಿ ಮುಚ್ಚಿಕೊಳ್ಳುತ್ತಾಳೆ. ಅಷ್ಟರೊಳಗೆ ನಾವು ಜಾಗ ಬಿಟ್ಟಿರಬೇಕು. ಒಳಗೆ ಉಳಿದವರ ಉಸಿರು ಕಟ್ಟುತ್ತದೆ, ಮೈ ಮರಳಾಗುತ್ತದೆ ಅಂತ ಹೇಳಿಕೆ. ಹಾಗೆ ಆದವರನ್ನು ನೋಡಿದವರು ಯಾರೂ ಇಲ್ಲ, ಆದರೆ ಹೇಳಿದವರು ಬೇಕಾದಷ್ಟು ಜನ. ತಕರಾರಿಲ್ಲದೆ ಬಿಟ್ಟುಕೊಟ್ಟ ಸಂಸಾರವನ್ನು ಸಮಿತಿಯವರು ಕರೆದು ಶಾಲು ಹೊದಿಸುತ್ತಾರೆ. ಆಮೇಲೆ ಅವರು ಶಾಲು ಹೊದ್ದುಕೊಂಡು ಮರಳ ಮೇಲೆ ಟಾರ್ಪಾಲಿನ ಕೆಳಗೆ ಬೇಯುತ್ತಾ ಪಟ್ಟಿಯಲ್ಲಿ ತಮ್ಮ ಸರದಿ ಕಾಯಬೇಕು.

ವರ್ಷದ ಉಳಿದ ದಿನ ಮೇಲೆ ಇದ್ದರೂ ಹೇಗೋ ನಡೆಯುತ್ತದೆ. ಉರಿಗಾಳಿಯ ನಲವತ್ತು ದಿನ ಮಾತ್ರ ನಡೆಯುವುದಿಲ್ಲ. ಆಗ ಬೆಳಿಗ್ಗೆ ಹತ್ತಕ್ಕೆ ಹೊರಗಿಟ್ಟ ತಾಮ್ರದ ಬಿಂದಿಗೆ ಸಂಜೆಯವರೆಗೆ ಮುಟ್ಟುವ ಹಾಗಿಲ್ಲ. ಗಟ್ಟಿ ಆಳುಗಳು ತಡೆದುಕೊಳ್ಳುತ್ತಾರೆ. ಮುದುಕರು, ಎಳೆಗೂಸುಗಳು ತಡೆಯುವುದಿಲ್ಲ.

ಈ ಸಲ ಉರಿಗಾಳಿ ಶುರುವಾದ ನಾಲ್ಕನೇ ದಿನ ನಮ್ಮ ಬಾಗಿಲಲ್ಲಿ ಉಗುರಿನ ಗುರುತು ಕಾಣಿಸಿತು. ಮೊದಲು ನೋಡಿದವನು ನನ್ನ ಮಗ ಏಕನಾಥ. ಅವನು ಬಿಲ ಸಮಿತಿಯ ಗುಮಾಸ್ತ. ಬೇರೆ ಯಾರಾದರೂ ಆಗಿದ್ದರೆ ಅಯ್ಯೋ ಅಂತ ಒಂದು ಕೂಗು ಹಾಕುತ್ತಿದ್ದರು. ಇವನು ಒಳಗೆ ಬಂದು, ಮುಖ ತೊಳೆದು, ಕನ್ನಡಕ ಹಾಕಿಕೊಂಡು, ಒಂದು ನೋಟೀಸು ಬರೆದ. ಬರೆದು ನನ್ನ ಕೈಗೇ ಕೊಟ್ಟ.

"ಏನೋ ಇದು?" ಅಂದೆ.

"ನೋಟೀಸು ಅಮ್ಮಾ. ಬಿಸಿಲೇರುವ ಮುಂಚೆ ಖಾಲಿ ಮಾಡಬೇಕು. ಇಲ್ಲಿ ಒಂದು ಸಹಿ ಹಾಕು."

"ನಿನ್ನ ಹೆಂಡತಿಗೆ ದಿನ ತುಂಬಿದೆ ಕಣೋ. ಇವತ್ತೋ ನಾಳೆಯೋ ಅಂತಿದೆ. ಅದನ್ನೂ ಬರೆದಿದ್ದೀಯಾ ಇದರಲ್ಲಿ?"

"ಅದಕ್ಕೆ ಕಾಲಂ ಇಲ್ಲಮ್ಮಾ" ಅಂದ. ಹೇಳುವಾಗ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡ, ಅದನ್ನು ಸುಳ್ಳು ಹೇಳಬಾರದು. ಆದರೆ ಸಹಿ ಮಾತ್ರ ಬಿಡದೆ ಹಾಕಿಸಿಕೊಂಡ.

ನಾನು ಸೀದಾ ಸಮಿತಿಯ ಅಧ್ಯಕ್ಷ ಗುರುಬಸಪ್ಪನವರ ಹತ್ತಿರ ಹೋದೆ. ದೊಡ್ಡ ಮನುಷ್ಯರು, ಅವರ ಹತ್ತಿರ ಮೂರು ಬಿಲ ಇವೆ. ಸಂಜೆ ದೀಪ ಉರಿಯುವ ಬಿಲದಲ್ಲಿ ಸಂಸಾರ ಇದೆ ಅಂತ ಅರ್ಥ, ಅದೂ ನಮ್ಮ ನಿಯಮವೇ. ಅದಕ್ಕೇ ಅವರ ಆಳು ದಿನಾ ಸಂಜೆ ಮೂರು ಕಡೆಯೂ ದೀಪ ಹಚ್ಚಿ ಬರುತ್ತಾನೆ. ಒಂದರಲ್ಲಿ ಅವರಿರುತ್ತಾರೆ. ಇನ್ನೊಂದರಲ್ಲಿ ಅವರ ಅತ್ತೆ ಬಂದರೆ ಇಳಿದುಕೊಳ್ಳುತ್ತಾರಂತೆ, ಆಕೆ ತೀರಿಕೊಂಡು ಆರು ವರ್ಷವಾಯಿತು. ಮೂರನೆಯದರಲ್ಲಿ ಉಪ್ಪಿನಕಾಯಿ ಜಾಡಿಗಳಿವೆ.

"ಆ ಉಪ್ಪಿನಕಾಯಿ ಬಿಲ ಹದಿನೈದು ದಿನದ ಮಟ್ಟಿಗೆ ಕೊಡಿ ಅಧ್ಯಕ್ಷರೇ" ಅಂದೆ. "ಸೊಸೆಗೆ ಹೆರಿಗೆ ಆಗಲಿ, ನಾನೇ ಗುಡಿಸಿ ಸಾರಿಸಿ ವಾಪಸು ಕೊಡ್ತೀನಿ."

"ಬಿಸಿ ತಗುಲಿದರೆ ಉಪ್ಪಿನಕಾಯಿ ಕೆಟ್ಟುಹೋಗುತ್ತೆ ಅಂಬಕ್ಕ."

"ಬಸುರಿ ಕೆಡಲ್ವಾ?"

"ಹಾಗನ್ನಬೇಡಿ. ಪಟ್ಟಿ ಅಂತ ಒಂದಿದೆ. ನಿಮ್ಮದು ನಲವತ್ತೊಂದನೇ ನಂಬರು. ನಾನೇ ನಿಯಮ ಮುರಿದರೆ ಊರು ಏನನ್ನುತ್ತೆ?" ಅಂತ ಕೈ ಮುಗಿದರು. ಅವರು ಕೈ ಮುಗಿದರೆ ಮಾತು ಮುಗಿಯಿತು ಅಂತ. "ನೀವಂತೂ ಹಿಂದೆ ಎಷ್ಟು ಮರ್ಯಾದೆಯಿಂದ ಜಾಗ ಬಿಟ್ಟುಕೊಟ್ಟವರು! ನಮ್ಮ ಅಪ್ಪ ಅಧ್ಯಕ್ಷರಾಗಿದ್ದಾಗ. ನಾನಾಗ ಚಿಕ್ಕವನು, ಈಗಲೂ ನೆನಪಿದೆ ನನಗೆ."

ನನಗೂ ನೆನಪಿದೆ. ನನಗಾಗ ಇಪ್ಪತ್ತೊಂದು ವರ್ಷ, ಚೊಚ್ಚಲ ಬಸುರಿ. ಉರಿಗಾಳಿಯ ಹನ್ನೊಂದನೇ ದಿನ ಸಂಚಮ್ಮ ಬಂದಳು. ಹಿರಿಯರು ಹೇಳಿದರು, ನಾನು ಎದ್ದೆ. ಒಂದು ಮಾತು ಆಡಲಿಲ್ಲ, ಕೈಯಲ್ಲಿ ಲಾಂದ್ರ ಹಿಡಿದು ನಾನೇ ಮುಂದಾಗಿ ನಡೆದು ಬಂದೆ. ಎಂಥಾ ಸೊಸೆ ಅಂತ ಊರೆಲ್ಲ ಹೊಗಳಿತು. ಮರುದಿನ ಟಾರ್ಪಾಲಿನ ಕೆಳಗೆ ಹೆಣ್ಣುಮಗು ಹುಟ್ಟಿತು. ಬೆಳಿಗ್ಗೆ ಹುಟ್ಟಿದ್ದು, ಮಧ್ಯಾಹ್ನದವರೆಗೆ ಇತ್ತು. ಒದ್ದೆ ಬಟ್ಟೆ ಹೊದಿಸಿದರೆ ನಾಲ್ಕು ಸಲ ಉಸಿರಾಡುವಷ್ಟರಲ್ಲಿ ಬಟ್ಟೆ ಒಣಗುತ್ತಿತ್ತು. ಹೆಸರಿಡುವುದಕ್ಕೂ ಪುರುಸೊತ್ತಾಗಲಿಲ್ಲ. ಆ ವರ್ಷದ ಶಾಲು ಹಸಿರು ಬಣ್ಣದ್ದು.

ನಾನು ವಾಪಸು ಬರುವಷ್ಟರಲ್ಲಿ ಸಾಮಾನು ಹೊರಗೆ ಬಿದ್ದಿತ್ತು. ನನ್ನ ಜತೆಗಾತಿ ನೀಲಗಂಗಮ್ಮ ಬಂದು ಪಾತ್ರೆ ಕಟ್ಟುತ್ತಿದ್ದಳು. ಅವಳಿಗೆ ಈ ಕೆಲಸ ಚೆನ್ನಾಗಿ ಬರುತ್ತದೆ, ಐದು ಸಲ ಬಿಲ ಬಿಟ್ಟವಳು. ಹೊರಗೆ ಹೆತ್ತ ಎರಡನ್ನು ಹೊರಗೇ ಹೂತವಳು. "ತುಳಜಾ ಇನ್ನೂ ಒಳಗೇ ಇದ್ದಾಳೆ, ಬಾ ಅಂದ್ರೆ ಬರ್ತಿಲ್ಲ. ಬೇಗ ಕರ್ಕೊಂಬಾ ಅಂಬಾ, ಹೊತ್ತಾಯ್ತು" ಅಂದಳು. ಮಗರಾಯ ಬಾಗಿಲಲ್ಲಿ ನಿಂತು ಬಿಸಿಲಿನ ಕಡೆ ನೋಡುತ್ತಿದ್ದ.

ನಾನು ಇಳಿದೆ. ನಮ್ಮ ಬಿಲ ಶಂಖದ ಹಾಗೆ ಸುತ್ತಿಕೊಂಡು ಇಳಿಯುತ್ತದೆ. ಎರಡನೇ ಸುತ್ತಿನಲ್ಲಿ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದಳು ಸೊಸೆ. ತುಳಜಾ ಬಂದ ದಿನದಿಂದ ನನ್ನ ಮಾತಿಗೆ ಮಾತು ಕೊಡುತ್ತಾ ಬಂದವಳು. ನನ್ನ ಹೊಲಿಗೆ ನೋಡಿ ಮುಖ ಸಿಂಡರಿಸಿದ ಒಬ್ಬಳೇ ಹೆಂಗಸು.

"ಏಳೇ" ಅಂದೆ.

"ನಾನು ಬರಲ್ಲ ಅತ್ತೆ."

"ಬರಲ್ಲ ಅಂದ್ರೆ? ಸಂಚಮ್ಮ ಬರ್ತಾಳೆ."

"ಬರಲಿ. ನಾನೇನು ಅವಳ ಹಾಸಿಗೆ ಮೇಲೆ ಕೂತಿದ್ದೀನಾ?"

"ಉಸಿರು ಕಟ್ಟಿ ಸಾಯ್ತೀಯ ಕಣೇ."

"ಮೇಲೆ ಹೋದ್ರೆ ಬದುಕ್ತೀನಾ? ನಾನಾದ್ರೂ ಬದುಕಬಹುದು. ಇದು?" ಅಂತ ಹೊಟ್ಟೆಯ ಮೇಲೆ ಕೈಯಿಟ್ಟಳು. ನಾನು ಅವಳ ರಟ್ಟೆ ಹಿಡಿದು ಎಳೆದೆ. ಅವಳು ಕೈ ಕೊಡವಿಕೊಂಡು ಅಂದುಬಿಟ್ಟಳು, "ನೀವು ಹೇಳಿದ ತಕ್ಷಣ ಎದ್ದು ಹೋದ್ರಲ್ಲ ಅತ್ತೆ. ಏನು ಸಿಕ್ತು? ಒಂದು ಶಾಲು."

ನಾನು ಕೈಯೆತ್ತಿದೆ. ಹೊಡೆಯಬೇಕು ಅಂತಲೇ ಎತ್ತಿದ್ದು. ಮೂವತ್ತಮೂರು ವರ್ಷದಲ್ಲಿ ನನ್ನ ಮುಂದೆ ಆ ಮಾತು ತೆಗೆದವರೇ ಇರಲಿಲ್ಲ, ಗಂಡನೂ ತೆಗೆದಿರಲಿಲ್ಲ. ಅಷ್ಟರಲ್ಲಿ ಮೇಲಿನಿಂದ ಬರುತ್ತಿದ್ದ ಬೆಳಕು ಮಸುಕಾಯಿತು. ಮೇಲೆ ಏಕನಾಥ "ಅಮ್ಮಾ!" ಅಂತ ಒಂದು ಸಲ ಕೂಗಿದ. ಸರಸರ ಮರಳು ಬೀಳುವ ಸದ್ದು, ಆಮೇಲೆ ಕತ್ತಲೆ. ಸಂಚಮ್ಮ ಬಂದು ಬಾಗಿಲು ಹಾಕಿಬಿಟ್ಟಿದ್ದಳು.

ನಾನು ತಡಕಾಡಿ ಗೂಡಿನಲ್ಲಿದ್ದ ದೀಪ ಹಚ್ಚಿದೆ. ಮೂರು ಕಡ್ಡಿ ಹಾಳಾದವು. ತುಳಜಾಳ ಅಷ್ಟು ಹೊತ್ತಿನ ಧೈರ್ಯವೆಲ್ಲ ಎಲ್ಲಿ ಹೋಯಿತೋ. ಇಬ್ಬರೂ ಗೋಡೆಗೆ ಅಂಟಿಕೊಂಡು ಕೂತೆವು. ಯಾವಾಗ ಹಿಡಿದೆವೋ ಗೊತ್ತಿಲ್ಲ, ಅವಳ ಕೈ ನನ್ನ ಕೈಯಲ್ಲಿತ್ತು. ಸಂಚಮ್ಮ ಮೇಲಿನ ಸುತ್ತಿನಿಂದ ಕುಪ್ಪಳಿಸಿ ಬಂದಳು. ದೀಪಕ್ಕೆ ಕಣ್ಣು ಕಿರಿದು ಮಾಡಿದಳು. ತುಳಜಾಳ ಪಾದ ಮೂಸಿದಳು. ನನ್ನನ್ನು ಮೂಸಲೂ ಇಲ್ಲ, ಹೊಸ್ತಿಲು ದಾಟುವ ಹಾಗೆ ನನ್ನ ಕಾಲು ದಾಟಿಕೊಂಡು ಕೆಳಗಿನ ಸುತ್ತಿಗೆ ಹೋದಳು. ಅಲ್ಲಿ ಕುಕ್ಕರಗಾಲಲ್ಲಿ ಕೂತು, ಮೂತಿಯನ್ನು ಮುಂಗಾಲಿನ ನಡುವೆ ತೂರಿಸಿ, ಎರಡೂ ಕಿವಿ ಕಣ್ಣಿನ ಮೇಲೆ ಮಡಿಚಿಕೊಂಡು ನಿದ್ದೆ ಹೋದಳು. ಹಿಂದೆ ಚೀಲದ ಬಾಯಿಂದ ಒಂದು ಪುಟ್ಟ ಪಾದ ಹೊರಗೆ ಚಾಚಿತ್ತು.

ನಾವು ಉಸಿರು ಕಟ್ಟುವುದನ್ನು ಕಾಯುತ್ತಾ ಕೂತೆವು. ಬಹಳ ಹೊತ್ತು ಕಾದೆವು. ಕಟ್ಟಲಿಲ್ಲ. ಸಡಿಲ ಮರಳಲ್ಲವೇ, ಗಾಳಿ ಆಡುತ್ತದೆ. ಮೈ ಮರಳಾಗಿದೆಯೋ ಅಂತ ನಾನು ಗಲ್ಲ ಚಿವುಟಿ ನೋಡಿಕೊಂಡೆ, ನೋವಾಯಿತು. ಆಮೇಲೆ ತುಳಜಾಳೇ ಮೆಲ್ಲಗೆ ಅಂದಳು, "ಅತ್ತೆ, ತಂಪಾಗಿದೆ ಅಲ್ವಾ?"

ತಂಪಾಗಿತ್ತು. ನಾವು ಇಷ್ಟು ವರ್ಷ ಬಿಲದ ಬಾಯಿಗೆ ಗೋಣಿಚೀಲ ಇಳಿಬಿಟ್ಟು ಅದನ್ನೇ ಬಾಗಿಲು ಅಂದುಕೊಂಡವರು, ಉರಿಗಾಳಿಯಲ್ಲಿ ಒಳಗೂ ಬೀಸಣಿಗೆ ಬೇಕಾಗುತ್ತಿತ್ತು. ಈಗ ಗೋಡೆಗೆ ಬೆನ್ನು ಕೊಟ್ಟರೆ ಪಸೆ ತಾಗುತ್ತಿತ್ತು. ಆ ಪ್ರಾಣಿ ಬಾಗಿಲು ಮುಚ್ಚಿಕೊಂಡದ್ದು ಬಿಸಿ ಒಳಗೆ ಬಾರದಿರಲಿ ಅಂತ. ಅಷ್ಟೇ. ಯಾರನ್ನೂ ಹೊರಗೆ ಹಾಕಲಿಕ್ಕಲ್ಲ. ಅವಳಿಗೆ ಬೇಕಾದದ್ದು ಕೆಳಗಿನ ಸುತ್ತಿನಲ್ಲಿ ಒಂದು ಮೊಳ ಜಾಗ, ಉಳಿದ ಬಿಲದಲ್ಲಿ ಹತ್ತು ಜನ ಮಲಗಬಹುದು. ಇಡೀ ಊರು ತಲೆತಲಾಂತರದಿಂದ ಅವಳು ಬಂದ ಕೂಡಲೇ ಗಂಟು ಮೂಟೆ ಕಟ್ಟಿ ಓಡಿದೆ. ಒಬ್ಬರಾದರೂ ಒಂದು ಗಳಿಗೆ ನಿಂತು ಅವಳೇನು ಮಾಡುತ್ತಾಳೆ ಅಂತ ನೋಡಿಲ್ಲ. ಎಂಥಾ ಜಾಣರು ನಾವು! ನನಗೆ ನಗು ಬಂತು, ತಡೆಯಲಾಗದ ನಗು. ನಗುತ್ತಾ ನಗುತ್ತಾ ಅದು ಅಳುವಾಯಿತು. ತುಳಜಾ ನನ್ನ ಬೆನ್ನು ಸವರಿದಳು.

ಅವಳು ಸವರಿದ್ದು ಸ್ವಲ್ಪ ಹೊತ್ತು. ಆಮೇಲೆ ಬೆನ್ನು ಸವರುವ ಕೆಲಸ ನನ್ನದಾಯಿತು, ನೋವು ಶುರುವಾಗಿತ್ತು. ನಾನು ಸೂಲಗಿತ್ತಿಯಲ್ಲ. ಆದರೆ ಕತ್ತರಿ, ದಾರ ಸದಾ ನನ್ನ ಸೊಂಟದಲ್ಲಿರುತ್ತವೆ. ತುಳಜಾಳ ಪಕ್ಕದಲ್ಲೇ ಉಳಿದಿದ್ದ ಹೂಜಿಯಲ್ಲಿ ಅರ್ಧ ನೀರಿತ್ತು. ಕತ್ತರಿಯನ್ನು ದೀಪದ ಉರಿಗೆ ಹಿಡಿದೆ, ದಾರವನ್ನು ಹೂಜಿಯ ನೀರಿನಲ್ಲಿ ತೊಳೆದೆ. ತುಳಜಾ ಕೂಗಲಿಲ್ಲ, ಸೆರಗು ಕಚ್ಚಿಕೊಂಡಳು. "ಕೂಗೇ, ಯಾರೇನು ಅನ್ನಲ್ಲ" ಅಂದರೆ, "ಅವಳು ಎದ್ದುಬಿಡ್ತಾಳೆ" ಅಂತ ಕೆಳಗೆ ಕೈ ತೋರಿಸಿದಳು. ನನ್ನ ಮಾತಿಗೆ ಒಂದು ದಿನ ಇಷ್ಟು ಮರ್ಯಾದೆ ಕೊಟ್ಟಿದ್ದರೆ ಕೇಳಿ. ಹೊತ್ತು ಇಳಿಯುವ ಮುಂಚೆ ಮಗು ಬಂತು. ಹೆಣ್ಣು. ಹುಟ್ಟಿದ್ದೇ ತಡ, ತಾಯಿಯ ಪಾಲಿನ ಕೂಗನ್ನೂ ಸೇರಿಸಿ ಕಿರುಚಿತು. ಕೆಳಗಿನ ಸುತ್ತಿನಲ್ಲಿ ಸಂಚಮ್ಮ ಒಂದು ಕಿವಿ ಎತ್ತಿದಳು. ಈ ಕಡೆ ತಿರುಗಿಸಿ ಸ್ವಲ್ಪ ಹೊತ್ತು ಕೇಳಿಸಿಕೊಂಡು, ಮತ್ತೆ ಮಡಿಚಿಕೊಂಡಳು.

ನನ್ನ ಸೆರಗಿನ ತುದಿಯನ್ನು ಹೂಜಿಯ ನೀರಲ್ಲಿ ಅದ್ದಿ ಮಗುವನ್ನು ಒರೆಸಿ, ಸೆರಗಿನಲ್ಲೇ ಸುತ್ತಿ ಎದೆಗೆ ಹಿಡಿದೆ. ಮಧ್ಯಾಹ್ನ ಕಳೆದಿತ್ತು. ಸೆರಗಿನ ತುದಿ ಇನ್ನೂ ಒದ್ದೆಯಾಗಿಯೇ ಇತ್ತು. ಅದನ್ನು ಮುಟ್ಟಿ ಮುಟ್ಟಿ ನೋಡಿದೆ.

ಹೊತ್ತು ಮುಳುಗುವಾಗ ಸಂಚಮ್ಮ ಎದ್ದು ಮೈ ಮುರಿದು, ನಮ್ಮನ್ನು ದಾಟಿಕೊಂಡು ಮೇಲೆ ಹೋದಳು. ಮರಳು ಕೆದಕುವ ಸದ್ದು ಕೇಳಿಸಿತು, ಬೆಳಕು ಬಂತು, ತನ್ನ ದಾರಿ ಹಿಡಿದು ಹೋದಳು. ನಾನು ಮಗು ಎತ್ತಿಕೊಂಡು, ತುಳಜಾಳನ್ನು ನಿಧಾನವಾಗಿ ನಡೆಸಿಕೊಂಡು ಹೊರಗೆ ಬಂದೆ.

ಹೊರಗೆ ಊರೇ ನೆರೆದಿತ್ತು. ಸಮಿತಿಯವರು ಟಾರ್ಪಾಲಿನ ನೆರಳಲ್ಲಿ ನಮಗೆ ಸಂತಾಪ ಸಭೆ ನಡೆಸುತ್ತಿದ್ದರು. ನನ್ನ ಮಗ ಏಕನಾಥ ನಿಂತು ಸಂತಾಪ ಸೂಚಕ ನಿರ್ಣಯ ಓದುತ್ತಿದ್ದ. ಕಣ್ಣು ಊದಿಕೊಂಡು ಕನ್ನಡಕ ಏರುತ್ತಿರಲಿಲ್ಲ, ಪಾಪ, ಆದರೂ ಅಕ್ಷರ ದುಂಡಗಿದ್ದವು, ಆಮೇಲೆ ನೋಡಿದೆ. ನಾನು "ಶಿಸ್ತಿನ ಮಹಿಳೆ" ಎಂದು ಅದರಲ್ಲಿತ್ತು. ಎರಡನೇ ನಿರ್ಣಯದಲ್ಲಿ, ಸಂಚಮ್ಮ ಬಿಟ್ಟ ನಂತರ ನಮ್ಮ ಬಿಲವನ್ನು ಅಧ್ಯಕ್ಷರ ತಂಗಿಯ ಮಗನಿಗೆ ಕೊಡತಕ್ಕದ್ದು ಎಂದಿತ್ತು. ಆ ಮಹಾಶಯ ಹಾಸಿಗೆ ಸುರುಳಿ ಸಮೇತ ಪಕ್ಕದಲ್ಲೇ ಕೂತಿದ್ದ.

ಏಕನಾಥ ಕಾಗದ ಬಿಸಾಕಿ ಓಡಿಬಂದ. ಹೆಂಡತಿಯನ್ನು ಮುಟ್ಟಿದ, ಮಗುವನ್ನು ಮುಟ್ಟಿದ. ಕೊನೆಗೆ ನನ್ನ ಕಾಲ ಹತ್ತಿರ ಕುಸಿದು ಕೂತ. ಅವನಿಗೆ ಬೈಯಬೇಕೆಂದು ಒಳಗೆ ಕೂತು ಯೋಚಿಸಿಟ್ಟಿದ್ದ ಮಾತೆಲ್ಲ ಮರೆತುಹೋಯಿತು.

ಗುರುಬಸಪ್ಪನವರು ಬೇಗ ಚೇತರಿಸಿಕೊಂಡರು. ಸುಮ್ಮನೆ ಅಧ್ಯಕ್ಷರಾಗುತ್ತಾರೆಯೇ. ಎರಡೂ ಕೈ ಮೇಲೆತ್ತಿ, "ಪವಾಡ! ಸಂಚಮ್ಮನ ಪವಾಡ!" ಅಂದರು. ಜನರೂ ಪವಾಡ ಅಂದರು. "ಸಾವಿರದಲ್ಲಿ ಒಬ್ಬರಿಗೆ ಇಂಥ ಭಾಗ್ಯ. ಈ ತಾಯಿ ಮಗಳಿಗಾಗಿ ಅವಳು ತನ್ನ ನಿಯಮವನ್ನೇ ಒಂದು ದಿನ ಸಡಿಲಿಸಿದ್ದಾಳೆ. ನಾವು ಮಾತ್ರ ಸಡಿಲಿಸಬಾರದು, ನಿಯಮ ನಿಯಮವೇ." ಆಗಲೇ ಒಬ್ಬ ಶಾಲು ತರಲು ಓಡಿದ. "ಅಂಬಕ್ಕ, ಒಳಗೆ ಏನು ದರ್ಶನ ಆಯ್ತು, ಎಲ್ಲರಿಗೂ ಕೇಳುವ ಹಾಗೆ ಒಂದೆರಡು ಮಾತು ಹೇಳಿ" ಅಂತ ನನಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದರು.

ನಾನು ಬಾಯಿ ತೆರೆದೆ. ಪವಾಡವೂ ಇಲ್ಲ, ಗಿವಾಡವೂ ಇಲ್ಲ, ಅದು ಬಂದು ಮಲಗಿತು ಅಷ್ಟೇ ಅಂತ ಚೀರಿ ಹೇಳಬೇಕು ಅಂತಿದ್ದೆ. ಆಗ ಗಂಡಸರ ಹಿಂದೆ ನಿಂತಿದ್ದ ಹೆಂಗಸರು ಕಣ್ಣಿಗೆ ಬಿದ್ದರು. ಅವರು ಯಾರೂ ಪವಾಡ ಅಂತ ಕೂಗುತ್ತಿರಲಿಲ್ಲ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು. ಅವರಲ್ಲಿ ಅರ್ಧ ಜನ ಉರಿಗಾಳಿಯಲ್ಲಿ ಹೊರಗೆ ಹೆತ್ತವರು.

ನೀಲಗಂಗಮ್ಮ ಜನರನ್ನು ಸರಿಸಿಕೊಂಡು ಬಂದು ನನ್ನ ತೋಳು ಹಿಡಿದಳು. ಅವಳ ಕೈ ಸುಡುತ್ತಿತ್ತು, ಇಡೀ ದಿನ ಆ ಬಿಸಿಲಲ್ಲಿ ನಮ್ಮ ಬಾಗಿಲಲ್ಲೇ ಕೂತಿದ್ದಳಂತೆ. "ಅಂಬಾ" ಅಂದಳು, ನನಗಷ್ಟೇ ಕೇಳುವ ಹಾಗೆ. "ಪವಾಡ ಅಂದುಬಿಡೇ. ನಿನಗೆ ಕೈ ಮುಗೀತೀನಿ. ಇಲ್ಲಾಂದ್ರೆ ನನ್ನೆರಡು ಕೂಸು ಯಾಕೆ ಹೋದವೇ?"

ಪವಾಡ ಅಂದರೆ ನನಗೂ ಒಳ್ಳೆಯದೇ ಇತ್ತು. ಪವಾಡವಾದರೆ ನನ್ನ ಆ ಮಗು ಹೋದದ್ದು ಸಂಚಮ್ಮನ ನಿಯಮದಿಂದ. ಪವಾಡವಲ್ಲದಿದ್ದರೆ ನಾನು ಲಾಂದ್ರ ಹಿಡಿದು, ಊರೆಲ್ಲ ಹೊಗಳಲಿ ಅಂತ ಮುಂದಾಗಿ ನಡೆದದ್ದರಿಂದ. ತುಳಜಾ ಏಕನಾಥನ ಹೆಗಲಿಗೆ ಒರಗಿ ನಿಂತು ನನ್ನನ್ನೇ ನೋಡುತ್ತಿದ್ದಳು. ನೆರೆದವರಲ್ಲಿ ಇನ್ನೂ ಇಬ್ಬರು ಬಸುರಿಯರಿದ್ದರು, ಉರಿಗಾಳಿ ಇನ್ನೂ ಮೂವತ್ತಾರು ದಿನ ಬಾಕಿ ಇತ್ತು.

ನಾನು ನೀಲಗಂಗಮ್ಮನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳ ಮುಖ ನೋಡಿಕೊಂಡೇ, ಎಲ್ಲರಿಗೂ ಕೇಳುವ ಹಾಗೆ ಹೇಳಿದೆ.

"ಒಳಗೆ ಜಾಗ ಇತ್ತು ಕಣೇ. ಆವತ್ತೂ ಇತ್ತು."